ರಾಧಿಕಾಸಾಂತ್ವನವೂ ಅದರ ವಿಮರ್ಶಕರೂ

೧೯೧೦ನೆಯ ಇಸವಿಯಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿಶಾಸ್ತ್ರುಲು ಅಂಡ್ ಸನ್ಸ್ ಎಂಬ ಪ್ರಸಿದ್ಧ ಪ್ರಕಾಶಕರು ‘ರಾಧಿಕಾಸಾಂತ್ವನ’ವೆಂಬ ತೆಲುಗು ಶೃಂಗಾರಪ್ರಬಂಧವೊಂದನ್ನು ಅಚ್ಚುಹಾಕಿಸಿದರು. ಅದನ್ನು ರಚಿಸಿದವಳು ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠಾ ಅರಸರ ಆಸ್ಥಾನದಲ್ಲಿದ್ದ ಮುದ್ದುಪಳನಿ. ಪರಿಷ್ಕರಿಸಿ ಪೀಠಿಕೆಯನ್ನು ಬರೆದವಳು ಬೆಂಗಳೂರು ನಾಗರತ್ನಮ್ಮ. ಇಬ್ಬರೂ ಗಣಿಕಾಕುಲದಲ್ಲಿ ಹುಟ್ಟಿದವರು. ಇಬ್ಬರೂ ತಮ್ಮ ತಮ್ಮ ಕಾಲದಲ್ಲಿ ವಿದ್ಯೆಯಿಂದಲೂ ಧನದಿಂದಲೂ ಹೆಸರಾದವರು. ಗ್ರಂಥವು ಹೊರಬಿದ್ದ ಸ್ವಲ್ಪಕಾಲದಲ್ಲಿಯೇ ಅದರ ಮೇಲೆ ಅಶ್ಲೀಲತೆಯ ಆರೋಪವು ಬಂದಿತು. ಪೋಲೀಸಿನವರು ಪ್ರತಿಗಳನ್ನು ವಶಪಡಿಸಿಕೊಂಡರು. ಮೂರು ದಶಕಗಳಿಗೂ ಮೀರಿ ಅದು ನಿಷಿದ್ಧವಾಗಿಯೇ ಉಳಿಯಿತು.

ಈ ವೃತ್ತಾಂತದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಸಂಗತಿಯುಂಟು. ಈ ಕಾವ್ಯವು ೧೯೧೦ಕ್ಕೆ ಮೊದಲು ಅಚ್ಚನ್ನು ಕಾಣದುದೇನೂ ಅಲ್ಲ. ಸಿ. ಪಿ. ಬ್ರೌನ್ ಸಾಹೇಬರ ಬಳಿ ಕೆಲಸಮಾಡಿದ್ದ ಪೈಡಿಪಾಟಿ ವೆಂಕಟನರಸು ಎಂಬ ಪಂಡಿತರು ಇದನ್ನು ೧೮೮೭ರಲ್ಲಿಯೇ ಮುದ್ರಿಸಿದ್ದರು. ೧೯೦೭ರಲ್ಲಿ ಅದು ಮರುಮುದ್ರಣವನ್ನೂ ಪಡೆದಿತ್ತು. ಆಗ ಸರ್ಕಾರವು ಎಚ್ಚರಗೊಳ್ಳಲಿಲ್ಲ. ಪ್ರಜೆಗಳ ಶೀಲವು ಕೆಟ್ಟಿತೆಂಬ ಕೂಗೂ ಏಳಲಿಲ್ಲ. ಇಪ್ಪತ್ತಮೂರು ವರ್ಷ ನಿರಪಾಯವಾಗಿದ್ದ ಕಾವ್ಯವು ಒಮ್ಮೆಗೇ ವಿಷವಾದುದು ಹೇಗೆ? ೧೮೮೭ರ ಪ್ರತಿಗೂ ೧೯೧೦ರ ಪ್ರತಿಗೂ ನಡುವಣ ವ್ಯತ್ಯಾಸವೇನೆಂಬುದನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ದೊರೆಯುವುದು.

ವೆಂಕಟನರಸುವಿನ ಮುದ್ರಣದಲ್ಲಿ ಬಿಟ್ಟುಹೋಗಿದ್ದುದು ಕೆಲವು ಪದ್ಯಗಳು ಮಾತ್ರವಲ್ಲ. ಕಾವ್ಯದ ಆದಿಯಲ್ಲಿ ಕವಯಿತ್ರಿ ತನ್ನನ್ನು ಕುರಿತು ಹೇಳಿಕೊಂಡಿರುವ ಅವತರಣಿಕೆಯೇ ಅದರಲ್ಲಿ ಇರಲಿಲ್ಲ. ಆಶ್ವಾಸಗಳ ಕೊನೆಯ ಗದ್ಯಗಳೂ ಇರಲಿಲ್ಲ. ಅವತರಣಿಕೆಯಲ್ಲಿ ಇರುವುದಾದರೂ ಏನು? ಶೃಂಗಾರದ ಒಂದು ಮಾತೂ ಅಲ್ಲಿಲ್ಲ. ಮುದ್ದುಪಳನಿ ತನ್ನ ಅಜ್ಜಿ ತಂಜನಾಯಕಿಯಿಂದಲೂ ಸೋದರತ್ತೆಯಿಂದಲೂ ತನಗೆ ಬಂದ ವಿದ್ಯಾಪರಂಪರೆಯನ್ನು ಅಲ್ಲಿ ನಿರೂಪಿಸಿರುವಳು. ವಿದ್ವಾಂಸರನ್ನು ದ್ರವ್ಯದಿಂದ ಸತ್ಕರಿಸಿದ, ಪರಕವಿಗಳಿಂದ ಕೃತಿಸಮರ್ಪಣವನ್ನು ಪಡೆದ, ಕಲೆಗಳೆಲ್ಲವುಗಳಲ್ಲಿ ಹೆಸರು ಗಳಿಸಿದ ಹೆಂಗಸು ತನ್ನ ಸಮಾನರಲ್ಲಿ ಬೇರೆ ಯಾವಳೆಂದು ಕೇಳಿರುವಳು. ಎಂದರೆ, ಹತ್ತೊಂಬತ್ತನೆಯ ಶತಮಾನದ ಪರಿಷ್ಕರ್ತನು ಮೊದಲು ಕತ್ತರಿಸಿದುದು ಕಾವ್ಯದ ರತಿಯನ್ನಲ್ಲ, ಕವಯಿತ್ರಿಯ ಕೀರ್ತಿಯನ್ನು. ಇದು ಬುದ್ಧಿಪೂರ್ವಕವಾಗಿ ನಡೆಯಿತೊ, ಅನಾದರದಿಂದ ನಡೆಯಿತೊ, ಫಲವು ಒಂದೇ. ಅವತರಣಿಕೆಯಿಲ್ಲದ ಕಾವ್ಯವು ಯಾರದ್ದೂ ಅಲ್ಲದ ಒಂದು ಶೃಂಗಾರಪುಸ್ತಕವಾಗಿ ಅಂಗಡಿಯಲ್ಲಿ ಬಿದ್ದಿರಬಹುದಾಗಿತ್ತು.

ಆತ್ಮಪ್ರಶಂಸೆಯು ಸ್ತ್ರೀಗೆ ಶೋಭಿಸದೆಂದು ಯಾರಾದರೂ ಹೇಳಬಹುದು. ಆದರೆ ಕವಿಗಳ ಆತ್ಮಪ್ರಶಂಸೆಯು ದೇಶಭಾಷೆಗಳಲ್ಲಿ ಒಂದು ಸಂಪ್ರದಾಯವೇ ಆಗಿದೆ. ರನ್ನನು ತನ್ನ ಕವಿತ್ವವನ್ನು ಕುರಿತು ಹೇಳಿಕೊಂಡಿರುವ ಮಾತುಗಳನ್ನು ಕನ್ನಡದ ವಿದ್ಯಾರ್ಥಿಗಳು ಕಂಠಪಾಠ ಮಾಡುವರು. ಅವುಗಳಲ್ಲಿ ಅಹಂಕಾರವಿದೆಯೆಂದು ಯಾವ ಸಂಪಾದಕನೂ ಅವನ್ನು ಬಿಟ್ಟು ಅಚ್ಚುಹಾಕಿದುದಿಲ್ಲ. ಕವಿಚರಿತೆಗಳನ್ನು ಬರೆಯುವವರಿಗೆ ಅಂತಹ ಪದ್ಯಗಳೇ ಮುಖ್ಯಾಧಾರ. ತಂಜಾವೂರಿನಲ್ಲಿಯೇ, ಮುದ್ದುಪಳನಿಗೆ ನೂರು ವರ್ಷ ಮೊದಲು, ವಿಜಯರಾಘವನಾಯಕನ ಸಭೆಯಲ್ಲಿ ರಂಗಾಜಮ್ಮನು ಕವಯಿತ್ರಿಯೆಂದು ಪುರಸ್ಕಾರ ಪಡೆದಿದ್ದಳು. ರಘುನಾಥನಾಯಕನ ಸಭೆಯಲ್ಲಿ ರಾಮಭದ್ರಾಂಬೆಯು ಸಂಸ್ಕೃತದಲ್ಲಿ ‘ರಘುನಾಥಾಭ್ಯುದಯ’ವನ್ನು ಬರೆದಿದ್ದಳು. ಪ್ರತಾಪಸಿಂಹನು ಆಳುತ್ತಿದ್ದಾಗ (೧೭೩೯–೧೭೬೩) ಮುದ್ದುಪಳನಿ ತನ್ನ ಹೆಮ್ಮೆಯನ್ನು ನಿಸ್ಸಂಕೋಚವಾಗಿ ಬರೆದಿಟ್ಟಳೆಂದರೆ, ಅದನ್ನು ಕೇಳುವ ಸಭೆಯು ಅಲ್ಲಿ ಇದ್ದಿತೆಂದೇ ಅರ್ಥ. ಕಾವ್ಯವನ್ನು ಅವಳು ಯಾವ ರಾಜನಿಗೂ ಅಂಕಿತಮಾಡದೆ ಕೃಷ್ಣನಿಗೆ ಸಮರ್ಪಿಸಿರುವುದನ್ನೂ ಇಲ್ಲಿ ನೆನೆಯಬೇಕು.

ಇನ್ನು ಕಾವ್ಯದ ವಸ್ತು. ನಾಲ್ಕು ಆಶ್ವಾಸಗಳಲ್ಲಿ ೫೮೪ ಗದ್ಯಪದ್ಯಗಳುಳ್ಳ ಈ ಪ್ರಬಂಧದ ಕಥೆಯು ಎರಡೇ ಮಾತಿನಲ್ಲಿ ಹೇಳಬಹುದಾದಷ್ಟು ಚಿಕ್ಕದು. ರಾಧೆಯು ಇಳಾದೇವಿಯೆಂಬ ಬಾಲಿಕೆಯನ್ನು ತಾನೇ ಸಾಕಿ ಬೆಳೆಸಿ, ಪ್ರಾಪ್ತವಯಸ್ಕಳಾದಮೇಲೆ ಕೃಷ್ಣನಿಗೆ ಕೊಟ್ಟು ವಿವಾಹಮಾಡಿಸುವಳು. ನವವಧುವಿಗೆ ಗಂಡನೊಡನೆ ನಡೆದುಕೊಳ್ಳುವ ರೀತಿಯನ್ನೂ, ಕೃಷ್ಣನಿಗೆ ಎಳೆಯ ಹೆಣ್ಣನ್ನು ಮೃದುವಾಗಿ ನೋಡಿಕೊಳ್ಳಬೇಕೆಂಬುದನ್ನೂ ಅವಳೇ ಬೋಧಿಸುವಳು. ಬಳಿಕ, ತಾನು ಮಾಡಿಕೊಟ್ಟ ಸುಖವೇ ತನಗೆ ಶಲ್ಯವಾಗಲು, ವಿರಹದಿಂದ ಬೆಂದು ಕೃಷ್ಣನ ಮೇಲೆ ಮುನಿಯುವಳು. ಅವನು ಬಂದು ಬೇಡಿಕೊಂಡು ಅವಳನ್ನು ಸಮಾಧಾನಗೊಳಿಸುವನು. ಹೆಸರು ಬಂದಿರುವುದು ಈ ಕೊನೆಯ ಭಾಗದಿಂದ.

ಮುನಿದ ರಾಧೆಯನ್ನು ಕೃಷ್ಣನು ಸಾಂತ್ವನಗೊಳಿಸುವುದು ಹೊಸ ಕಲ್ಪನೆಯಲ್ಲ. ಜಯದೇವನ ‘ಗೀತಗೋವಿಂದ’ದ ಪ್ರಾಣವೇ ಅದು, ಆ ಕಾವ್ಯವು ಎಂಟುನೂರು ವರ್ಷಗಳಿಂದ ದೇವಾಲಯಗಳಲ್ಲಿಯೂ ಭಜನಮಂದಿರಗಳಲ್ಲಿಯೂ ಹಾಡಲ್ಪಡುತ್ತಿರುವುದು. ನಂದಿತಿಮ್ಮನ ‘ಪಾರಿಜಾತಾಪಹರಣ’ದಲ್ಲಿ ಮುನಿದ ಸತ್ಯಭಾಮೆಯು ತನ್ನ ಕಾಲಿಗೆರಗಿದ ಕೃಷ್ಣನ ತಲೆಯನ್ನು ಎಡಗಾಲಿನಿಂದ ಒದೆಯುವಳು, ತೆಲುಗುಸಾಹಿತ್ಯದಲ್ಲಿ ಅದಕ್ಕಿಂತ ಪ್ರಖ್ಯಾತವಾದ ಸಂದರ್ಭಗಳು ಹೆಚ್ಚಿಲ್ಲ. ಕ್ಷೇತ್ರಯ್ಯನ ಪದಗಳ ನಾಯಿಕೆಯರು ಯಾವ ಮಾತನ್ನು ಆಡಲು ಹಿಂಜರಿದಿರುವರು? ಮುದ್ದುಪಳನಿಯ ನೂತನತ್ವವಿರುವುದು ಬೇರೆ ಕಡೆ. ಅಲಂಕಾರಶಾಸ್ತ್ರದ ಮುಗ್ಧೆ ಮತ್ತು ಪ್ರೌಢೆ ಎಂಬ ಎರಡು ನಾಯಿಕಾಭೇದಗಳನ್ನು ಅವಳು ಒಂದೇ ಮನೆಯೊಳಗೆ ತಂದು, ಮುಗ್ಧೆಯನ್ನು ಪ್ರೌಢೆಯ ಕಣ್ಣಿನಿಂದ ತೋರಿಸಿರುವಳು. ಲಕ್ಷಣಗ್ರಂಥಗಳಲ್ಲಿ ಬೇರೆಬೇರೆ ಕೋಷ್ಠಕಗಳಲ್ಲಿ ಕುಳಿತಿರುವ ಈ ಇಬ್ಬರು ಇಲ್ಲಿ ಸಾಕಿದವಳೂ ಸಾಕಿಸಿಕೊಂಡವಳೂ ಆಗಿರುವರು. ವಯಸ್ಸು ಮೀರುತ್ತಿರುವ ಹೆಂಗಸು ತನ್ನ ಸ್ಥಾನವನ್ನು ತಾನೇ ಕೈಯಾರೆ ಮತ್ತೊಬ್ಬಳಿಗೆ ಒಪ್ಪಿಸಿ, ಒಪ್ಪಿಸಿದ ಬಳಿಕ ಕಳೆದುಕೊಂಡುದರ ಬೆಲೆಯನ್ನು ಅರಿಯುವ ಈ ಸನ್ನಿವೇಶವು ಗಂಡುಕವಿಗಳ ಶೃಂಗಾರಕಾವ್ಯಗಳಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಆಸ್ಥಾನದ ಗಣಿಕೆಯರ ಬಾಳಿನಲ್ಲಿಯಾದರೊ, ಹಿರಿಯಳು ಕಿರಿಯಳನ್ನು ಸಿದ್ಧಪಡಿಸಿ ಸಭೆಗೆ ತರುವುದು ದಿನದಿನದ ಅನುಭವವಾಗಿದ್ದಿರಬೇಕು.

ಕಾವ್ಯವು ನಿರ್ದುಷ್ಟವೆಂದು ಹೇಳುವಂತಿಲ್ಲ. ವರ್ಣನೆಗಳು ಒಮ್ಮೊಮ್ಮೆ ಬೇಕಾದುದಕ್ಕಿಂತ ಉದ್ದವಾಗಿವೆ. ದಕ್ಷಿಣದೇಶದ ತೆಲುಗುಪ್ರಬಂಧಗಳ ಸಾಮಾನ್ಯವಾದ ರೋಗವಿದು, ಚೇಮಕೂರ ವೆಂಕಟಕವಿಯಂತಹ ಚತುರನೂ ಅದರಿಂದ ಪೂರ್ತಿಯಾಗಿ ತಪ್ಪಿಸಿಕೊಂಡವನಲ್ಲ. ಪ್ರಥಮಸಮಾಗಮದ ಭಾಗವು ಬಿಚ್ಚುಮಾತಿನದೆಂಬುದೂ ನಿಜ. ಅಶ್ಲೀಲವೆಂಬ ದೋಷವನ್ನು ಆಲಂಕಾರಿಕರು ವ್ರೀಡೆ, ಜುಗುಪ್ಸೆ, ಅಮಂಗಲ ಎಂಬ ಮೂರು ಬಗೆಯಾಗಿ ವಿಭಾಗಿಸಿರುವರು. ಅವುಗಳಲ್ಲಿ ಮೊದಲನೆಯದನ್ನು ಈ ಕಾವ್ಯದ ಕೆಲವು ಪದ್ಯಗಳ ಮೇಲೆ ಹೊರಿಸಬಹುದು. ಆದರೆ ಇದೇ ಪ್ರಶ್ನೆಯನ್ನು ಆನಂದವರ್ಧನನು ಎಷ್ಟು ಗಂಭೀರವಾಗಿ ವಿಚಾರಿಸಿರುವನೆಂಬುದನ್ನು ನೋಡಬೇಕು. ‘ಕುಮಾರಸಂಭವ’ದಲ್ಲಿ ಕಾಳಿದಾಸನು ಜಗತ್ತಿನ ಮಾತಾಪಿತೃಗಳ ಸಂಭೋಗವನ್ನು ವರ್ಣಿಸಿದುದು ಅನುಚಿತವೆಂದು ಆನಂದವರ್ಧನನಿಗೆ ಗೊತ್ತು, ಅದನ್ನು ಅವನು ಮುಚ್ಚಿಡುವುದೂ ಇಲ್ಲ. ಕವಿಯ ಶಕ್ತಿಯಿಂದ ಆ ಅನೌಚಿತ್ಯವು ಮರೆಯಾಗಿ ಗ್ರಾಮ್ಯವಾಗಿ ತೋರದೆಂಬುದು ಅವನ ತೀರ್ಮಾನ. ಇಲ್ಲಿ ವಿಚಾರಕ್ಕೆ ಬಂದಿರುವುದು ಪಾತ್ರದ ಔಚಿತ್ಯ ಮತ್ತು ಕವಿಯ ಶಕ್ತಿ, ಈ ಎರಡೇ. ಕಾಳಿದಾಸನ ಮನೆಯೆಲ್ಲಿ, ಅವನು ಯಾರೊಡನೆ ವಾಸವಾಗಿದ್ದನೆಂದು ಆನಂದವರ್ಧನನು ಕೇಳಲಿಲ್ಲ. ಅಂತಹ ಕಥೆಗಳೇನೂ ಆಗ ಕಡಮೆಯಾಗಿದ್ದಿರಲಾರವು.

ಮುದ್ದುಪಳನಿಯ ವಿಷಯದಲ್ಲಿ ಕೇಳಲ್ಪಟ್ಟುದು ಆ ಪ್ರಶ್ನೆಯೇ. ಕಂದುಕೂರಿ ವೀರೇಶಲಿಂಗಂ ಪಂತುಲುಗಳು ತಮ್ಮ ‘ಆಂಧ್ರಕವುಲ ಚರಿತ್ರಮು’ವಿನಲ್ಲಿ ಅವಳ ವಿದ್ವತ್ತನ್ನು ಅಲ್ಲಗಳೆಯಲಿಲ್ಲ, ಅವಳು ಜಾರಿಣಿಯೆಂದು ಹೇಳಿದರು. ಕಾವ್ಯದ ಹಲವು ಭಾಗಗಳು ಹೆಂಗಸಿನ ಬಾಯಿಂದ ಬರುವುದಿರಲಿ, ಹೆಂಗಸಿನ ಕಿವಿಗೂ ಬೀಳತಕ್ಕವಲ್ಲವೆಂದರು. ಸ್ತ್ರೀಸಹಜವಾದ ಲಜ್ಜೆಯಿಲ್ಲದ ಕುಲದಲ್ಲಿ ಹುಟ್ಟಿದವಳಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದೆಂಬುದು ಅವರ ಅಭಿಪ್ರಾಯದ ತಿರುಳು. ಈ ವಾಕ್ಯಗಳನ್ನು ಬರೆದವರು ಕ್ಷುದ್ರರಾಗಿದ್ದರೆ ವಿಚಾರಿಸಬೇಕಾದುದೇ ಇರುತ್ತಿರಲಿಲ್ಲ. ೧೮೮೧ರಲ್ಲಿ ರಾಜಮಹೇಂದ್ರಿಯಲ್ಲಿ ಮೊದಲನೆಯ ವಿಧವಾವಿವಾಹವನ್ನು ನೆರವೇರಿಸಿ, ಅದಕ್ಕಾಗಿ ಬಹಿಷ್ಕಾರವನ್ನು ಅನುಭವಿಸಿ, ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದೇಹವನ್ನು ಸವೆಯಿಸಿದ ಮಹನೀಯರು ಅವರು. ಆಂಧ್ರದೇಶದ ಸ್ತ್ರೀಯರಿಗೆ ಅವರಿಗಿಂತ ದೊಡ್ಡ ಹಿತೈಷಿ ಆ ಕಾಲದಲ್ಲಿರಲಿಲ್ಲ. ಆದುದರಿಂದಲೇ ಅವರ ನಿಂದೆಗೆ ತೂಕ ಬಂದಿತು. ಆದುದರಿಂದಲೇ ಅದು ಪರೀಕ್ಷೆಗೆ ಯೋಗ್ಯವೂ ಆಗಿದೆ.

ವೀರೇಶಲಿಂಗಂ ಅವರು ಕಂಡ ಸ್ತ್ರೀ ದುಃಖಿತೆಯಾದವಳು: ಬಾಲವಿಧವೆ, ಅಕ್ಷರವಿಲ್ಲದ ಗೃಹಿಣಿ, ವೇಶ್ಯಾಸಕ್ತನಾದ ಗಂಡನ ಕೈಯಲ್ಲಿ ಸಿಕ್ಕಿದ ಹೆಂಡತಿ. ಅವಳನ್ನು ಮೇಲೆತ್ತಬೇಕು, ಅವಳ ಮನೆಯನ್ನು ಕಾಪಾಡಬೇಕು. ಈ ಚಿತ್ರದಲ್ಲಿ ಗಣಿಕೆಗೆ ಇದ್ದ ಸ್ಥಳವು ಒಂದೇ, ಆ ಮನೆಯನ್ನು ಹಾಳುಮಾಡುವವಳೆಂಬುದು. ಯಾರ ಕರುಣೆಯನ್ನೂ ಬೇಡದೆ, ತಾನೇ ವಿದ್ವಾಂಸರಿಗೆ ದಾನಮಾಡಿದೆನೆಂದು ಹೇಳಿಕೊಳ್ಳುವ ಹೆಂಗಸನ್ನು ಇರಿಸಲು ಅದರಲ್ಲಿ ಎಡೆಯೇ ಇರಲಿಲ್ಲ. ಸುಧಾರಕರ ಔದಾರ್ಯವು ದೀನೆಯರ ವಿಷಯದಲ್ಲಿ ಅಪಾರವಾಗಿಯೂ ಯಶಸ್ವಿನಿಯರ ವಿಷಯದಲ್ಲಿ ಕೃಪಣವಾಗಿಯೂ ಇದ್ದುದು ಆ ಕಾಲದ ಒಂದು ವಿಚಿತ್ರ. ಆ ಕಾಲದ್ದು ಮಾತ್ರವೇ ಎಂಬುದು ಬೇರೆ ಮಾತು.

ನಾಗರತ್ನಮ್ಮನೂ ಇಂತಹ ಯಶಸ್ವಿನಿಯೇ. ಆಕೆ ೧೮೭೮ರಲ್ಲಿ ನಂಜನಗೂಡಿನಲ್ಲಿ ಪುಟ್ಟಲಕ್ಷ್ಮಮ್ಮನೆಂಬ ಗಾಯಿಕೆಯ ಹೊಟ್ಟೆಯಲ್ಲಿ ಜನಿಸಿದಳು. ಬಾಲ್ಯದಲ್ಲಿ ಮೈಸೂರಿನ ಆಸ್ಥಾನವಿದ್ವಾಂಸರಾದ ಗಿರಿಭಟ್ಟ ತಿಮ್ಮಯ್ಯನವರ ಆಶ್ರಯದಲ್ಲಿ ಸಂಸ್ಕೃತವನ್ನು ಕಲಿತಳು. ಆ ಆಶ್ರಯವು ತಪ್ಪಿದ ಮೇಲೆ ತಾಯಿಯೊಡನೆ ಊರೂರು ಅಲೆದು ಬೆಂಗಳೂರಿಗೆ ಬಂದು, ಮುನಿಸ್ವಾಮಪ್ಪನವರಲ್ಲಿ ತ್ಯಾಗರಾಜಶಿಷ್ಯಪರಂಪರೆಯ ಸಂಗೀತವನ್ನು ಅಭ್ಯಾಸಮಾಡಿದಳು. ಚಿಕ್ಕವಯಸ್ಸಿನಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಹೆಸರಾಗಿ, ಬಳಿಕ ಮದರಾಸಿನಲ್ಲಿ ನೆಲಸಿದಳು. ಕಚೇರಿ, ಹರಿಕಥೆ, ಗ್ರಾಮಫೋನ್ ಮುದ್ರಿಕೆಗಳಿಂದ ಆಕೆ ಗಳಿಸಿದ ಹಣವು ಅಂದಿನ ಎಷ್ಟೋ ಮಂದಿ ಪುರುಷವಿದ್ವಾಂಸರ ಗಳಿಕೆಯನ್ನು ಮೀರಿದ್ದಿತು. ಕನ್ನಡ, ತೆಲುಗು, ಸಂಸ್ಕೃತಗಳೆಲ್ಲವುಗಳಲ್ಲಿಯೂ ಪ್ರವೇಶವಿದ್ದವಳು. ತಂಜಾವೂರಿನ ಆಂಧ್ರಸಾಹಿತ್ಯವನ್ನು ಓದುತ್ತಿರುವಾಗ ಮುದ್ದುಪಳನಿಯ ಹೆಸರನ್ನು ಕಂಡು, ಗ್ರಂಥವನ್ನು ಪ್ರಯಾಸದಿಂದ ಸಂಪಾದಿಸಿ, ಅಚ್ಚಿನ ಪ್ರತಿಯಲ್ಲಿದ್ದ ಲೋಪಗಳನ್ನು ಹಸ್ತಪ್ರತಿಯ ಸಹಾಯದಿಂದ ತಿಳಿದು, ತನ್ನ ಕುಲದಲ್ಲಿಯೇ ಹುಟ್ಟಿದ ಹೆಂಗಸಿನ ಕೃತಿಯಾದ ಕಾರಣ ಅದನ್ನು ಸಮಗ್ರವಾಗಿ ಪ್ರಕಟಿಸುವುದು ತನ್ನ ಹೊಣೆಯೆಂದು ಭಾವಿಸಿದಳು.

ಆಕೆಯ ಪೀಠಿಕೆಯು ಸಂಪಾದಕಧರ್ಮಕ್ಕೆ ಒಂದು ಒಳ್ಳೆಯ ಮಾದರಿಯೆನ್ನಬಹುದು. ಬಿಟ್ಟುಹೋದುದೇನು, ಸೇರಿಸಿದುದೇನು ಎಂಬುದನ್ನು ಸ್ಪಷ್ಟಪಡಿಸಿ, ಅನಂತರ ವೀರೇಶಲಿಂಗಂ ಅವರ ಟೀಕೆಗೆ ನೇರವಾಗಿ ಉತ್ತರವನ್ನು ಕೊಟ್ಟಿರುವಳು. ಲಜ್ಜೆಯು ಹೆಂಗಸರಿಗೆ ಮಾತ್ರ ಸಹಜವೋ, ಗಂಡಸರಿಗೆ ಬೇಡವೋ ಎಂಬುದು ಆಕೆಯ ಮೊದಲನೆಯ ಪ್ರಶ್ನೆ. ಎರಡನೆಯದು ಇನ್ನೂ ಹರಿತವಾದುದು. ವಿಪ್ರನಾರಾಯಣನನ್ನು ದೇವದೇವಿಯೆಂಬ ವೇಶ್ಯೆಯು ಮರುಳುಗೊಳಿಸಿದ ಕಥೆಯುಳ್ಳ ಸಾರಂಗು ತಮ್ಮಯ್ಯನ ‘ವೈಜಯಂತೀವಿಲಾಸ’ವನ್ನು ಇದೇ ಪಂತುಲುಗಳು ನೋಡಿ ಒಪ್ಪಿ, ವಿದ್ಯಾರ್ಥಿಗಳು ಓದುವುದಕ್ಕೂ ಅನುಮತಿಸಲಿಲ್ಲವೆ ಎಂದು ಕೇಳಿದಳು. ಬಿಚ್ಚುವರ್ಣನೆಯಲ್ಲಿ ಅದೇನು ಹಿಂದೆಬಿದ್ದ ಕಾವ್ಯವೆ? ಗಂಡಸು ಬರೆದರೆ ಪಠ್ಯ, ಹೆಂಗಸು ಬರೆದರೆ ಪಾಪವೆಂಬ ಭೇದವು ಅಲಂಕಾರಶಾಸ್ತ್ರದ ಯಾವ ಸೂತ್ರದಿಂದ ಸಿದ್ಧವಾಯಿತೆಂಬುದಕ್ಕೆ ಸಮಾಧಾನವು ಎಲ್ಲಿಂದಲೂ ಬರಲಿಲ್ಲ.

ಬಂದುದು ಬೇರೆ ಬಗೆಯ ಉತ್ತರ. ಒಬ್ಬ ವೇಶ್ಯೆ ಬರೆದುದನ್ನು ಮತ್ತೊಬ್ಬ ವೇಶ್ಯೆ ಅಚ್ಚುಹಾಕಿಸಿರುವಳೆಂಬ ಧಾಟಿಯ ಲೇಖನವು ತೆಲುಗುಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಸರ್ಕಾರದ ತೆಲುಗು ಭಾಷಾಂತರಕಾರರಾದ ಗೋಟೇಟಿ ಕನಕರಾಜು ಪಂತುಲುಗಳು ಆಕ್ಷೇಪಾರ್ಹವೆಂದು ತೋರಿದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಅಧಿಕಾರಿಗಳ ಮುಂದಿಟ್ಟರು. ೧೯೧೧ರಲ್ಲಿ ಪೋಲೀಸ್ ಕಮಿಷನರು ಕನ್ನಿಂಗ್‌ಹ್ಯಾಮ್ ಅವರು ಪ್ರತಿಗಳನ್ನು ಜಪ್ತಿಮಾಡಿಸಿದರು. ವಾವಿಳ್ಳ ವೆಂಕಟೇಶ್ವರಶಾಸ್ತ್ರುಲು ಹೋರಾಡಿದರು. ಪಂಡಿತರನೇಕರು ಕಾವ್ಯವು ಪ್ರಾಚೀನಸಂಪ್ರದಾಯಕ್ಕೆ ಸೇರಿದುದೆಂದೂ, ಕೆಲವು ಪದ್ಯಗಳಿಗಾಗಿ ಇಡೀ ಗ್ರಂಥವನ್ನು ನಾಶಮಾಡುವುದು ನ್ಯಾಯವಲ್ಲವೆಂದೂ ಬಿನ್ನವಿಸಿಕೊಂಡರು. ಫಲವಾಗಲಿಲ್ಲ. ಪಂಡಿತರು ಈ ಕಾವ್ಯದ ಪಕ್ಷವನ್ನು ವಹಿಸಿದರೆಂಬುದು ಮುಖ್ಯವಾದ ಸಂಗತಿ. ಏಕೆಂದರೆ ಹಳೆಯ ಸಂಪ್ರದಾಯಸ್ಥರು ಸ್ತ್ರೀಯ ಬಾಯಿ ಮುಚ್ಚಿಸಿದರು, ಹೊಸ ಬೆಳಕು ಅದನ್ನು ತೆರೆಯಿಸಿತು ಎಂಬ ಸುಲಭವಾದ ಕಥೆಯು ಇಲ್ಲಿ ತಲೆಕೆಳಗಾಗುವುದು. ಇಲ್ಲಿ ಹೊಸ ಬೆಳಕೇ ಪೋಲೀಸಿನ ದೀಪವಾಯಿತು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಿಂದ ಬಂದ ಒಂದು ಮರ್ಯಾದೆಯ ಅಳತೆಗೋಲು ದೇಶೀಯ ಶೀಲವೆಂಬ ಹೆಸರಿನಲ್ಲಿ ದೇಶೀಯ ಕಾವ್ಯವನ್ನು ಅಳೆಯಿತು.

ಬಿಟ್ಟುಹೋಗಿದ್ದ ಪದ್ಯಗಳು ೧೯೧೦ರಲ್ಲಿ ಮರಳಿ ಸೇರಿದುದೇ ಈ ಕೋಲಾಹಲಕ್ಕೆ ಕಾರಣವೆಂದು ಯಾರಾದರೂ ವಾದಿಸಬಹುದು. ಆದರೆ ಪಂತುಲುಗಳ ನಿಂದೆಯು ನಾಗರತ್ನಮ್ಮನ ಮುದ್ರಣಕ್ಕೆ ಮುಂಚಿನದು. ಕಾವ್ಯವು ಅಶ್ಲೀಲವೆಂಬ ತೀರ್ಪು ಆಗಲೇ ಇದ್ದೂ, ಅಂಗಡಿಯಲ್ಲಿದ್ದ ಪ್ರತಿಗಳನ್ನು ಯಾರೂ ಮುಟ್ಟಿರಲಿಲ್ಲ. ಹೊಸದಾಗಿ ಸೇರಿದುದರಲ್ಲಿ ಮುಖ್ಯವಾದುವು ಎರಡು: ತನ್ನ ಕೀರ್ತಿಯನ್ನು ಹೇಳಿಕೊಳ್ಳುವ ಮುದ್ದುಪಳನಿಯ ಅವತರಣಿಕೆ, ಮತ್ತು ದೇಶಮಾನ್ಯರೊಬ್ಬರನ್ನು ಹೆಸರುಹಿಡಿದು ಪ್ರಶ್ನಿಸುವ ನಾಗರತ್ನಮ್ಮನ ಪೀಠಿಕೆ. ಕಾನೂನಿನ ಕಾಗದಗಳಲ್ಲಿ ಈ ಎರಡೂ ಅಪರಾಧಗಳಾಗಿ ಬರೆಯಲ್ಪಡಲಾರವು. ಶೃಂಗಾರಪದ್ಯಗಳನ್ನು ಮಾತ್ರ ಬರೆಯಬಹುದು.

ಕನ್ನಡದ ಕಡೆಗೆ ನೋಡಿದರೂ ಇದಕ್ಕೆ ಪೋಷಕವಾದ ಸಾಕ್ಷ್ಯವು ದೊರೆಯುತ್ತದೆ. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಅರಮನೆಯಲ್ಲಿ ಊಳಿಗದವಳಾಗಿದ್ದ ಸಂಚಿಯ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಬರೆದು ಅಂದಿನಿಂದ ಇಂದಿನವರೆಗೂ ಅವಿಚ್ಛಿನ್ನವಾದ ಗೌರವವನ್ನು ಪಡೆದಿರುವಳು. ಆ ಗೌರವಕ್ಕೆ ಅವಳು ಅರ್ಹಳೇ. ಹೆಣ್ಣನ್ನು ಹಳಿಯುವವರನ್ನು ಅವಳು ಎದುರಿಸಿ ಕೇಳಿರುವ ಮಾತುಗಳು ಯಾವ ಕಾಲಕ್ಕೂ ಸಲ್ಲುವುವು. ಆದರೂ ಆ ಪ್ರಶ್ನೆಯು ಪತಿವ್ರತೆಯ ನಡತೆಯನ್ನು ಬೋಧಿಸುವ ಗ್ರಂಥದೊಳಗೆ ಬಂದುದರಿಂದ ಯಾರಿಗೂ ನೋವಾಗಲಿಲ್ಲವೆಂಬುದನ್ನು ಮರೆಯಬಾರದು. ಇನ್ನೊಂದು ಕಡೆ, ಜನ್ನನು ೧೨೦೯ರಲ್ಲಿ ಮುಗಿಸಿದ ‘ಯಶೋಧರಚರಿತೆ’ಯಲ್ಲಿ ರಾಣಿ ಅಮೃತಮತಿಯು ವಿಕಾರರೂಪಿಯಾದ ಮಾವುತನಿಗೆ ಮನಸೋತುದನ್ನು ವರ್ಣಿಸಿರುವನು, ರತ್ನಾಕರವರ್ಣಿಯು ‘ಭರತೇಶವೈಭವ’ದಲ್ಲಿ ಚಕ್ರವರ್ತಿಯ ಭೋಗವನ್ನು ಸಂಧಿಸಂಧಿಗಳಾಗಿ ವಿಸ್ತರಿಸಿರುವನು. ಜನ್ನನ ಉದ್ದೇಶವು ಕಾಮನಿಂದೆ, ರತ್ನಾಕರನದು ಭೋಗಯೋಗಗಳ ಸಮನ್ವಯ ಎಂದು ಸಮಾಧಾನ ಹೇಳುವರು. ಹೇಳಲಿ, ಅದು ಸರಿಯಾದ ವಿಮರ್ಶೆಯೇ. ಹಾಗೆ ಉದ್ದೇಶವನ್ನು ಹುಡುಕುವಷ್ಟು ತಾಳ್ಮೆಯನ್ನು ಮುದ್ದುಪಳನಿಯ ಮೇಲೆ ಯಾರೂ ವೆಚ್ಚಮಾಡಲಿಲ್ಲ.

ನಾಗರತ್ನಮ್ಮನ ಉಳಿದ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ತಿರುವೈಯಾರಿನ ಪ್ರಕರಣವು ಈ ವಿಷಯಕ್ಕೆ ಹತ್ತಿರವಾಗಿದೆ. ಕಾವೇರೀತೀರದಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯ ಸ್ಥಳವನ್ನು ಆಕೆ ಕೊಂಡು, ೧೯೨೧ರ ಅಕ್ಟೋಬರಿನಲ್ಲಿ ಅಸ್ತಿಭಾರವನ್ನು ಹಾಕಿಸಿ, ೧೯೨೫ರ ಜನವರಿಯಲ್ಲಿ ಗುಡಿಯ ಪ್ರತಿಷ್ಠೆಯನ್ನು ನಡೆಯಿಸಿದಳು. ತನ್ನ ಗಳಿಕೆಯ ಬಹುಭಾಗವು ಅದರಲ್ಲಿ ವಿನಿಯೋಗವಾಯಿತು. ಆಗ ಆರಾಧನೆಯನ್ನು ನಡೆಸುತ್ತಿದ್ದ ವಿದ್ವಾಂಸರು ದೊಡ್ಡ ಕಕ್ಷಿ, ಚಿಕ್ಕ ಕಕ್ಷಿಯೆಂದು ಎರಡು ಪಂಗಡವಾಗಿ ಒಬ್ಬರೊಡನೊಬ್ಬರು ಮಾತನಾಡದೆ ಇದ್ದರು. ಅವರಿಬ್ಬರೂ ಒಮ್ಮತದಿಂದ ಒಪ್ಪಿದ ವಿಷಯವು ಒಂದೇ, ಹೆಂಗಸರು ಸನ್ನಿಧಿಯಲ್ಲಿ ಹಾಡತಕ್ಕುದಲ್ಲವೆಂಬುದು. ಗುಡಿಯನ್ನು ಕಟ್ಟಿಸಿದವಳಿಗೆ ಆ ಗುಡಿಯ ಮುಂದೆ ಹಾಡಲು ಅವಕಾಶವಿರಲಿಲ್ಲ. ಅವಳು ಜಗಳಕ್ಕೆ ನಿಲ್ಲದೆ, ದೇವದಾಸಿಯರನ್ನು ಕೂಡಿಸಿಕೊಂಡು ಗುಡಿಯ ಹಿಂಭಾಗದಲ್ಲಿ ತಮ್ಮದೇ ಆದ ಮೂರನೆಯ ಆರಾಧನೆಯನ್ನು ಆರಂಭಿಸಿದಳು. ಜನರು ಅದನ್ನು ಹೆಂಗಸರ ಕಕ್ಷಿಯೆಂದರು. ಮೂರೂ ಸೇರಿ ಒಂದಾದುದು ೧೯೪೧ರಲ್ಲಿ.

ಹೆಂಗಸಿನ ದ್ರವ್ಯವು ಗ್ರಾಹ್ಯ, ಧ್ವನಿಯು ಅಗ್ರಾಹ್ಯ ಎಂಬ ಈ ವ್ಯವಸ್ಥೆಗೂ ಕಾವ್ಯದ ವಿಷಯದಲ್ಲಿ ನಡೆದುದಕ್ಕೂ ಹೋಲಿಕೆಯಿದೆ. ವೆಂಕಟನರಸುವಿನ ಅಚ್ಚುಕೂಟಕ್ಕೂ ಬೇಕಾಗಿದ್ದುದು ಮುದ್ದುಪಳನಿಯ ಪದ್ಯಗಳೇ ಹೊರತು ಆ ಪದ್ಯಗಳನ್ನು ಹೇಳಿದವಳಲ್ಲ.

ಇದೇ ಕಾಲದಲ್ಲಿ ದೇವದಾಸೀಪದ್ಧತಿಯ ಪ್ರಶ್ನೆಯೂ ಎದ್ದಿತು. ಮೈಸೂರು ಸರ್ಕಾರವು ೧೯೦೯ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ್ದಿತು. ಮದರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಶಾಸನಸಭೆಯಲ್ಲಿ ಈ ವಿಷಯವನ್ನು ಎತ್ತಿದಾಗ, ನಾಗರತ್ನಮ್ಮನೂ ಆಕೆಯ ಜೊತೆಯವರೂ ೧೯೨೭ರಲ್ಲಿ ಸಂಘವನ್ನು ಕಟ್ಟಿ ಪ್ರತಿಭಟಿಸಿದರು. ದೇವದಾಸಿಯೇ ಬೇರೆ, ವೇಶ್ಯೆಯೇ ಬೇರೆ ಎಂಬುದು ಅವರ ವಾದ. ಈ ವಾದದಲ್ಲಿ ನಾಗರತ್ನಮ್ಮನ ಪಕ್ಷವು ದುರ್ಬಲವೆಂದೇ ಹೇಳಬೇಕು. ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿಯೂ ದೇವದಾಸಿಕುಲದವರು. ಪದ್ಧತಿಯೊಳಗೆ ಏನೂ ಅರಿಯದ ಮಕ್ಕಳ ಗತಿಯೇನಾಗುತ್ತಿತ್ತೆಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದಿತು. ನಾಗರತ್ನಮ್ಮನಂತೆ ವಿದ್ಯೆಯಿಂದಲೂ ಸಂಪತ್ತಿನಿಂದಲೂ ಮೇಲೆ ಬಂದವರು ಬೆರಳಿನಿಂದ ಎಣಿಸುವಷ್ಟು ಮಂದಿ. ಆದರೂ ಮಸೂದೆಯನ್ನು ಬೆಂಬಲಿಸಿದ ಗಂಡಸರೆಲ್ಲರೂ ಆ ಮಕ್ಕಳಿಗಾಗಿಯೇ ಮರುಗಿದರೆಂದು ನಂಬುವುದು ಕಷ್ಟ. ಪದ್ಧತಿಯು ನಿಂತಿತು, ಅದರೊಡನೆಯೇ, ಸ್ವಂತವಾಗಿ ಆಸ್ತಿಯನ್ನು ಹೊಂದಿ, ಶಾಸ್ತ್ರವನ್ನು ಓದಿ, ಸಭೆಯಲ್ಲಿ ಮಾತನಾಡುವ ಹೆಂಗಸರ ಒಂದು ವರ್ಗಕ್ಕಿದ್ದ ಎಡೆಯೂ ನಿಂತಿತು. ಅವರ ಸಂಗೀತವೂ ನೃತ್ಯವೂ ಇತರರ ಮನೆಗಳಲ್ಲಿ ಮರ್ಯಾದೆಯಿಂದ ಬೆಳೆದುವು.

ರಾಧಿಕಾಸಾಂತ್ವನದ ಮೇಲಿನ ನಿಷೇಧವು ತೆರವಾದುದು ತಂಗುಟೂರಿ ಪ್ರಕಾಶಂ ಅವರು ಮದರಾಸು ಪ್ರಾಂತದ ಪ್ರಧಾನರಾಗಿದ್ದಾಗ. ದೇವದಾಸೀಸಮರ್ಪಣವನ್ನು ನಿಷೇಧಿಸುವ ಶಾಸನವು ಜಾರಿಗೆ ಬಂದುದು ೧೯೪೭ರಲ್ಲಿ. ಕಾವ್ಯಕ್ಕೆ ಬಿಡುಗಡೆಯಾದ ಹೊತ್ತಿಗೆ ಅದನ್ನು ಬರೆಯಬಲ್ಲ, ಸಂಪಾದಿಸಬಲ್ಲ ಕುಲವು ಚರಿತ್ರೆಗೆ ಸೇರುವುದರಲ್ಲಿದ್ದಿತು. ವಾವಿಳ್ಳದವರು ೧೯೫೨ರಲ್ಲಿ ಗ್ರಂಥವನ್ನು ಮತ್ತೆ ಅಚ್ಚುಹಾಕಿದರು. ಅದೇ ವರ್ಷದ ಮೇ ತಿಂಗಳಿನಲ್ಲಿ ನಾಗರತ್ನಮ್ಮನು ತೀರಿಕೊಂಡಳು. ಆಕೆಯ ಸಮಾಧಿಯು ತಿರುವೈಯಾರಿನಲ್ಲಿ, ತ್ಯಾಗರಾಜರ ಸನ್ನಿಧಿಯ ಎದುರಿಗೆ ಇರುವುದು.

ಈಚೆಗೆ ಕಾವ್ಯದ ಅದೃಷ್ಟವು ತಿರುಗಿದೆ. ೧೯೯೧ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ಸ್ತ್ರೀಸಾಹಿತ್ಯಸಂಕಲನದ ಮುನ್ನುಡಿಯು ಈ ಗ್ರಂಥದ ವೃತ್ತಾಂತದಿಂದಲೇ ಆರಂಭವಾಗುತ್ತದೆ, ವಿ. ಶ್ರೀರಾಮ್ ಅವರು ೨೦೦೭ರಲ್ಲಿ ನಾಗರತ್ನಮ್ಮನ ಜೀವನಚರಿತ್ರೆಯನ್ನು ಬರೆದಿರುವರು. ಸಂಧ್ಯಾ ಮೂಲ್‌ಚಂದಾನಿಯವರ ಇಂಗ್ಲಿಷ್ ಅನುವಾದವು ೨೦೧೧ರಲ್ಲಿ ಬಂದಿತು. ಇವುಗಳಿಂದಾದ ಉಪಕಾರವು ದೊಡ್ಡದು. ಆದರೆ ಹೊಸ ಅಭಿಮಾನಿಗಳಲ್ಲಿ ಕೆಲವರು ಹಳೆಯ ನಿಂದಕರ ಹಾದಿಯನ್ನೇ ಬೇರೊಂದು ಕಡೆಯಿಂದ ತುಳಿಯುತ್ತಿರುವಂತೆ ತೋರುತ್ತದೆ. ಅವರಿಗೆ ಮುದ್ದುಪಳನಿಯ ಕುಲವು ಕಳಂಕವಾಗಿ ಕಂಡಿತು, ಇವರಿಗೆ ಪದಕವಾಗಿ ಕಾಣುತ್ತಿದೆ. ಬಿಚ್ಚುಮಾತು ಅವರಿಗೆ ಪಾಪವಾಗಿತ್ತು, ಇವರಿಗೆ ಪರಾಕ್ರಮವಾಗಿದೆ. ಸಮಾಗಮದ ಪದ್ಯಗಳನ್ನು ಕನಕರಾಜು ಪಂತುಲುಗಳು ಎತ್ತಿ ತೋರಿಸಿದಂತೆಯೇ ಇವರೂ ಎತ್ತಿ ತೋರಿಸುವರು. ತಾನೇ ಕೈಹಿಡಿಸಿಕೊಟ್ಟ ಹುಡುಗಿಯ ವಿಷಯವಾಗಿ ರಾಧೆಯು ಪಡುವ ಪರಿತಾಪದ ಭಾಗವನ್ನು, ಎಂದರೆ ಕಾವ್ಯದ ಹೃದಯವಿರುವ ಭಾಗವನ್ನು, ಉದ್ಧರಿಸುವವರು ಇನ್ನೂ ವಿರಳವಾಗಿಯೇ ಇರುವರು.